ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರದ ನೆರವು

ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳನ್ನು ಮನೆಯವರು ಮಾನಕ್ಕೂ ಖರ್ಚಿಗೂ ಅಂಜಿ ಮನೆಯಲ್ಲೇ ಇರಿಸಿಕೊಳ್ಳುವುದುಂಟು. ಖರ್ಚಿನ ಅಂಜಿಕೆಗಂತೂ ಕಾರಣವಿಲ್ಲ. 2013ರ ತಿದ್ದುಪಡಿಯಿಂದೀಚೆಗೆ ಸರ್ಕಾರಿ, ಖಾಸಗಿ ಆಸ್ಪತ್ರೆಗಳೆಲ್ಲವೂ ಆಕೆಗೆ ಕೂಡಲೇ ಉಚಿತ ಚಿಕಿತ್ಸೆ ನೀಡತಕ್ಕದ್ದು. ಪೊಲೀಸರಿಗೆ ತಿಳಿಸುವ ಹೊಣೆ ಆಸ್ಪತ್ರೆಯದು.

ಮದ್ದೂರು, ಮಳವಳ್ಳಿ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ದೊಡ್ಡಾಸ್ಪತ್ರೆಗೋ ಕೂಡಲೇ ಕರೆತನ್ನಿರಿ. ಸ್ನಾನ ಮಾಡಿಸಬಾರದು, ಉಟ್ಟ ಬಟ್ಟೆಯನ್ನು ಒಗೆಯದೆ ಜೊತೆಗೆ ತರಬೇಕು. 72 ಗಂಟೆಗಳೊಳಗೆ ಬಂದಲ್ಲಿ ಗರ್ಭ ನಿಲ್ಲದಂತೆಯೂ ಎಚ್.ಐ.ವಿ. ಸೋಂಕು ತಗಲದಂತೆಯೂ ಔಷಧ ಕೊಡಲು ಸಾಧ್ಯ. ವಿವಾಹಿತೆಯಾದರೆ ಪತಿಯು ಜೊತೆಗೆ ಬರುವುದು ಆಕೆಗೆ ದೊಡ್ಡ ಧೈರ್ಯ. ವೈದ್ಯರಿಗೂ ಕೆಲಸ ಹಗುರ.

ಪರಿಹಾರಧನವೂ ಉಂಟು. ಅಪರಾಧಿ ಪತ್ತೆಯಾಗದಿದ್ದರೂ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅತ್ಯಾಚಾರಕ್ಕೊಳಗಾದ ಮಹಿಳೆಗೆ 4ರಿಂದ 7 ಲಕ್ಷ ರೂಪಾಯಿಗಳವರೆಗೆ 2018ರ ರಾಷ್ಟ್ರೀಯ ಯೋಜನೆಯು ಗೊತ್ತುಪಡಿಸಿದೆ. ಪ್ರಾಧಿಕಾರವು ವಿಚಾರಣೆಯನ್ನು ಎರಡು ತಿಂಗಳೊಳಗೆ ಮುಗಿಸತಕ್ಕದ್ದು. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಗಳನ್ನು ಜೋಪಾನವಾಗಿಡಿರಿ. ಅರ್ಜಿಯೊಡನೆ ಅವು ಬೇಕಾಗುತ್ತವೆ.