ಈ ಪ್ರಾಪರ್ಟಿ ಎಲ್ಲಿಂದ ಬಂತು?

ಕೋಡ್‌ಇಗ್ನೈಟರ್ 3ರಲ್ಲಿ ಬರೆದ ಹಳೆಯ ಬಿಲ್ಲಿಂಗ್ ಅಪ್ಲಿಕೇಶನ್‌ಗಳನ್ನು ಹೊಸ ಪಿಎಚ್‌ಪಿಗೆ ತರುವ ಕೆಲಸ ನನಗೆ ಆಗಾಗ ಬರುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 8.2ಕ್ಕೆ ಏರಿಸಿದ ತಕ್ಷಣ ಲಾಗ್ ಫೈಲ್ ತುಂಬ ಒಂದೇ ಎಚ್ಚರಿಕೆ: ಡೈನಾಮಿಕ್ ಪ್ರಾಪರ್ಟಿ ಸೃಷ್ಟಿ ಡೆಪ್ರಿಕೇಟೆಡ್. ಕ್ಲಾಸಿನಲ್ಲಿ ಘೋಷಿಸದ ಪ್ರಾಪರ್ಟಿಗೆ ಬೆಲೆ ಕೊಟ್ಟರೆ ಮೊದಲೆಲ್ಲ ಪಿಎಚ್‌ಪಿ ಅದನ್ನು ಸದ್ದಿಲ್ಲದೆ ಹುಟ್ಟಿಸಿಬಿಡುತ್ತಿತ್ತು. ಈಗ ಎಚ್ಚರಿಸುತ್ತದೆ.

ಬಹಳ ಜನ ಇದನ್ನು ಕಿರಿಕಿರಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಕೈಗೆ ಬಂದ ಒಂದು ಅಪ್ಲಿಕೇಶನ್ನಿನ ಆರ್ಡರ್ ಕ್ಲಾಸಿನಲ್ಲಿ ಡಿಸ್ಕೌಂಟ್ ಎಂಬ ಪ್ರಾಪರ್ಟಿ ಇತ್ತು, ಆರಂಭದ ಬೆಲೆ ಸೊನ್ನೆ. ಹಬ್ಬದ ರಿಯಾಯಿತಿ ಸೇರಿಸುವ ಸಾಲಿನಲ್ಲಿ ಆ ಹೆಸರಿನ ಎರಡು ಅಕ್ಷರ ಅದಲುಬದಲಾಗಿದ್ದವು. ರಿಯಾಯಿತಿ ಹೊಸದಾಗಿ ಹುಟ್ಟಿದ ಪ್ರಾಪರ್ಟಿಗೆ ಹೋಗಿ ಕೂತಿತು. ಒಟ್ಟು ಮೊತ್ತ ಲೆಕ್ಕ ಹಾಕುವ ಮೆಥಡ್ ಸೊನ್ನೆಯನ್ನೇ ಕಳೆಯುತ್ತಿತ್ತು. ಎರರ್ ಇಲ್ಲ, ಪುಟ ಸರಿಯಾಗಿಯೇ ತೆರೆಯುತ್ತದೆ, ಬಿಲ್ ಮಾತ್ರ ತಪ್ಪು. 8.2ರಲ್ಲಿ ಓಡಿಸಿದಾಗ ಆ ಸಾಲಿನ ನಂಬರು ಸಮೇತ ಲಾಗಿನಲ್ಲಿ ಬಂತು.

ಘೋಷಿಸದ ಪ್ರಾಪರ್ಟಿ ಹುಟ್ಟಿಸುವ ಇದೇ ಅಭ್ಯಾಸವನ್ನು ಕೋಡ್‌ಇಗ್ನೈಟರ್ ಫ್ರೇಮ್‌ವರ್ಕಿನ ಲೋಡರ್ ಇನ್ನೂ ದೊಡ್ಡದಾಗಿ ಮಾಡುತ್ತದೆ. ಮಾಡೆಲ್ ಲೋಡ್ ಮಾಡು ಎಂದರೆ ಫೈಲ್ ಹುಡುಕುವುದಷ್ಟೇ ಅಲ್ಲ, ಆಬ್ಜೆಕ್ಟ್ ಕಟ್ಟಿ ಅದೇ ಹೆಸರಿನಲ್ಲಿ ಕಂಟ್ರೋಲರಿಗೆ ನೇತುಹಾಕುತ್ತದೆ. ಅದು ಎಲ್ಲಿಂದ ಬಂತೆಂದು ತಿಳಿಯಲು ಕನ್‌ಸ್ಟ್ರಕ್ಟರ್, ಪೇರೆಂಟ್ ಕ್ಲಾಸ್, ಆಟೊಲೋಡ್ ಕಾನ್ಫಿಗ್ ಫೈಲ್ ಎಲ್ಲವನ್ನೂ ತಡಕಾಡಬೇಕು. ಎಡಿಟರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಫೈಲ್ ಹುಡುಕುವುದು, ಆಬ್ಜೆಕ್ಟ್ ಒದಗಿಸುವುದು ಎಂಬ ಈ ಎರಡು ಕೆಲಸಗಳನ್ನು ನಾನು ಬೇರೆ ಬೇರೆ ಮಾಡುತ್ತೇನೆ. ಫೈಲ್ ಹುಡುಕುವುದು ಕಂಪೋಸರ್ ಪಾಲಿಗೆ. ಪಿಎಸ್‌ಆರ್-4 ಪ್ರಕಾರ ನೇಮ್‌ಸ್ಪೇಸಿನ ಮೊದಲ ಭಾಗ ಒಂದು ಫೋಲ್ಡರಿಗೆ ಹೊಂದುತ್ತದೆ, ಉಳಿದದ್ದು ಒಳಫೋಲ್ಡರ್ ಮತ್ತು ಫೈಲಿನ ಹೆಸರಾಗುತ್ತದೆ. ನಿಯಮ ಇಷ್ಟು ಸ್ಪಷ್ಟವಾಗಿರುವುದರಿಂದಲೇ ಆಟೊಲೋಡಿಂಗ್ ಮೇಲೆ ನನಗೆ ನಂಬಿಕೆ. ದೊಡ್ಡಕ್ಷರ, ಸಣ್ಣಕ್ಷರ ಮಾತ್ರ ನೋಡಿಕೊಳ್ಳಬೇಕು: ವಿಂಡೋಸ್‌ನಲ್ಲಿ ಓಡಿದ್ದು ಲಿನಕ್ಸ್ ಸರ್ವರಿನಲ್ಲಿ ಕ್ಲಾಸ್ ಸಿಗಲಿಲ್ಲ ಎಂದು ನಿಲ್ಲುತ್ತದೆ. ಫೋಲ್ಡರುಗಳನ್ನು ಬಿಲ್ಲಿಂಗ್, ದಾಸ್ತಾನು ಎಂದು ವಿಷಯದ ಮೇಲೆ ವಿಂಗಡಿಸುತ್ತೇನೆ. ಹೆಲ್ಪರ್ಸ್ ಎಂದೊಂದು ಫೋಲ್ಡರ್ ಇಟ್ಟರೆ ಜಾಗ ಸಿಗದ್ದೆಲ್ಲ ಅಲ್ಲಿಗೇ ಬಂದು ಬೀಳುತ್ತದೆ.

ಇನ್ನು ಎರಡನೆಯ ಕೆಲಸ: ಕ್ಲಾಸಿಗೆ ಬೇಕಾದ ಆಬ್ಜೆಕ್ಟುಗಳೆಲ್ಲ ಕನ್‌ಸ್ಟ್ರಕ್ಟರ್ ಮೂಲಕವೇ, ಟೈಪ್ ಸಮೇತ ಬರಬೇಕು. ಪಿಎಚ್‌ಪಿ 8.0ರಿಂದ ಪ್ರಾಪರ್ಟಿಯ ಘೋಷಣೆ, ಬೆಲೆ ತುಂಬುವುದು ಎರಡೂ ಅಲ್ಲೇ ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಹೀಗೆ ಬರೆಯತೊಡಗಿದಾಗ ಒಂದು ಕಂಟ್ರೋಲರಿನ ಕನ್‌ಸ್ಟ್ರಕ್ಟರ್ ಪರದೆಯ ಅರ್ಧ ತುಂಬಿತು. ಅದು ಅಷ್ಟೊಂದು ಕೆಲಸ ಹೊತ್ತಿದೆಯೆಂದು ಲೋಡರ್ ಇದ್ದಷ್ಟು ಕಾಲ ಯಾರಿಗೂ ಕಂಡಿರಲಿಲ್ಲ. ಅದನ್ನು ಮೂರು ಕ್ಲಾಸುಗಳಾಗಿ ಒಡೆದೆವು.

ಡೈನಾಮಿಕ್ ಪ್ರಾಪರ್ಟಿಗೆ ಅನುಮತಿ ಕೊಡುವ ಆಟ್ರಿಬ್ಯೂಟ್ ಇದೆ, ಹಚ್ಚಿದರೆ ಲಾಗ್ ಸುಮ್ಮನಾಗುತ್ತದೆ. ಫ್ರೇಮ್‌ವರ್ಕಿನ ಮೂಲ ಕಂಟ್ರೋಲರಿಗೆ ಬೇರೆ ದಾರಿಯಿಲ್ಲದೆ ಹಚ್ಚುತ್ತೇನೆ, ಆದರೆ ಅದು ಚೈಲ್ಡ್ ಕ್ಲಾಸುಗಳಿಗೂ ಇಳಿಯುತ್ತದೆಂಬುದು ನೆನಪಿರಬೇಕು. ನಾವೇ ಬರೆದ ಆರ್ಡರ್, ಇನ್‌ವಾಯ್ಸ್ ಕ್ಲಾಸುಗಳಿಗೆ ಎಂದೂ ಇಲ್ಲ. ಬೇರೆಯವರ ಆಬ್ಜೆಕ್ಟಿಗೆ ನಮ್ಮ ಮಾಹಿತಿ ಅಂಟಿಸಬೇಕಾದರೆ ವೀಕ್‌ಮ್ಯಾಪ್ ಸಾಕು. ಪಿಎಚ್‌ಪಿ 9ರಲ್ಲಿ ಈ ಎಚ್ಚರಿಕೆಯನ್ನು ಎರರ್ ಮಾಡುವ ಯೋಜನೆ ಇರುವುದರಿಂದ, ಈಗಲೇ ನಮ್ಮ ಟೆಸ್ಟುಗಳು ಇದು ಕಂಡ ಕೂಡಲೇ ಫೇಲ್ ಆಗುವಂತೆ ಇಟ್ಟಿದ್ದೇನೆ.