ಕಡಲ ಬ್ಯಾಕ್ಟೀರಿಯವೂ ಉಪ್ಪಿನ ಆಸರೆಯೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ವಿದ್ಯಾರ್ಥಿಗಳಿಗೆ ಕಡಲು ಬಲು ದೂರ. ಆದರೂ ಅವರು ದಿನವೂ ತುಳಿಯುವ ಶಹಾಬಾದಿ ಹಾಸುಗಲ್ಲು ಕಡಲಿನ ಕೊಡುಗೆಯೇ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಆ ಸೀಮೆಯಲ್ಲಿ ಹರಡಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ನೆಲೆಗೊಂಡ ಸುಣ್ಣದ ಕೆಸರೇ ಈ ಕಲ್ಲಾಗಿದೆ. ಅಲ್ಲಿಂದ ಕಡಲು ಎಂದೋ ಸರಿದುಹೋಯಿತು. ಕಡಲ ನೀರಿನಲ್ಲೇ ಬಾಳುವ ಬ್ಯಾಕ್ಟೀರಿಯಕ್ಕೆ ಉಪ್ಪು ತಪ್ಪಿದರೆ ಏನಾಗುವುದು? ನೋಡೋಣ.

ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಉಬ್ಬುವುದು. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿದರೆ ನೀರು ಬಿಟ್ಟು ಮುದುಡುವುದು. ಪೊರೆಯ ಎರಡು ಬದಿಗಳಲ್ಲಿ ದ್ರಾವಣಗಳ ಸಾಂದ್ರತೆ ಬೇರೆಯಾಗಿದ್ದರೆ, ನೀರು ಹೆಚ್ಚು ಸಾಂದ್ರವಾದ ಬದಿಗೆ ಹರಿಯುತ್ತದೆ. ಇದೇ ಅಭಿಸರಣ.

ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳುಂಟು. ಅದರ ಅಭಿಸರಣ ಒತ್ತಡವು ವಾಯುಮಂಡಲದ ಒತ್ತಡಕ್ಕೆ ಸುಮಾರು 25 ಪಟ್ಟು. ಇದಕ್ಕೆ ಸರಿದೂಗಲೆಂದು ಬ್ಯಾಕ್ಟೀರಿಯವು ಪೊಟ್ಯಾಸಿಯಂ, ಗ್ಲೈಸೀನ್ ಬೀಟೇನ್ ಮೊದಲಾದುವನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಅದನ್ನು ಒಮ್ಮೆಲೇ ಸಿಹಿನೀರಿಗೆ ಹಾಕಿದರೆ ನೀರು ಒಳಕ್ಕೆ ನುಗ್ಗುತ್ತದೆ. ಆಗ ಪೊರೆಯಲ್ಲಿರುವ ಕವಾಟಗಳು ತೆರೆದು, ಒಳಗಿನ ಪದಾರ್ಥಗಳನ್ನು ಹೊರಚೆಲ್ಲಿ ಒತ್ತಡವನ್ನು ತಗ್ಗಿಸುತ್ತವೆ. ಇಷ್ಟಾದರೂ ಅನೇಕ ಕಡಲ ಬ್ಯಾಕ್ಟೀರಿಯಗಳು ಒಡೆದುಹೋಗುತ್ತವೆ.

ಇದಕ್ಕೆ ನೀರಿನ ಒತ್ತಡವೊಂದೇ ಕಾರಣವೆ? ಅಲ್ಲ. ಇವುಗಳಲ್ಲಿ ಬಹುಪಾಲಿಗೆ ಮೂರು ಪದರಗಳ ಹೊದಿಕೆಯುಂಟು: ಒಳಗೊಂದು ಪೊರೆ, ನಡುವೆ ಪೆಪ್ಟಿಡೊಗ್ಲೈಕನ್ ಎಂಬ ಗಟ್ಟಿಯಾದ ಬಲೆ, ಹೊರಗೆ ಇನ್ನೊಂದು ಪೊರೆ. 1960ರ ದಶಕದಲ್ಲಿ ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಮ್ಯಾಕ್‌ಲಾಡ್ ಮತ್ತು ಸಂಗಡಿಗರು ಇಂಥ ಒಂದು ಬ್ಯಾಕ್ಟೀರಿಯವನ್ನು ಮೊದಲು ಅಡಿಗೆ ಉಪ್ಪಿನ ದ್ರಾವಣದಲ್ಲಿ ತೊಳೆದು, ಬಳಿಕ ಸಕ್ಕರೆಯ ದ್ರಾವಣಕ್ಕೆ ಹಾಕಿದರು. ಸಕ್ಕರೆಯಿಂದ ಒತ್ತಡವು ಸರಿದೂಗಿ ಕೋಶವು ಒಡೆಯಲಿಲ್ಲ. ಆದರೆ ಅದರ ಹೊರಪೊರೆ ಕಳಚಿಹೋಯಿತು! ಒಡೆಯುವುದನ್ನು ತಡೆಯಲು ಸೋಡಿಯಂ ಹೆಚ್ಚಾಗಿ ಬೇಕು, ಮೆಗ್ನೀಸಿಯಂ ಬಹಳ ಕಡಿಮೆ ಸಾಕೆಂದೂ ಅವರು ಕಂಡರು.

ಇದರ ಮರ್ಮವಿಷ್ಟೆ. ಹೊರಪೊರೆಯ ಅಣುಗಳಲ್ಲಿ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಎರಡು ಧನ ವಿದ್ಯುದಂಶಗಳುಳ್ಳ ಮೆಗ್ನೀಸಿಯಂ ಅಯಾನುಗಳು, ವಾಡಿಯ ಸಿಮೆಂಟು ಕಲ್ಲುಗಳನ್ನು ಹಿಡಿದಿಡುವಂತೆ, ಅವುಗಳ ನಡುವೆ ನಿಂತು ಬೆಸೆಯುತ್ತವೆ. ಲವಣ ಹೋದರೆ ಬೆಸುಗೆಯೂ ಹೋಯಿತು. ಅದೇ ವೇಳೆಗೆ ನೀರಿನ ಒತ್ತಡವೂ ಏರಿತು.

ಆದುದರಿಂದ ಕಾರವಾರದ ಕಡಲ ನೀರಿನ ಬ್ಯಾಕ್ಟೀರಿಯಗಳನ್ನು ಎಣಿಸಹೊರಟ ವಿದ್ಯಾರ್ಥಿ, ಆ ನೀರನ್ನು ಬಟ್ಟಿಯಿಳಿಸಿದ ನೀರಿನಿಂದ ತೆಳುಮಾಡಬಾರದು. ಕುದಿಸಿ ಶುದ್ಧಮಾಡಿದ ಕಡಲ ನೀರನ್ನೇ ಬಳಸಬೇಕು. ಇಲ್ಲವಾದರೆ ಬದುಕಿದ್ದ ಜೀವಿಗಳನ್ನು ತಾನೇ ಒಡೆದು, ಕಡಲಿನಲ್ಲಿ ಅವು ಇರಲೇ ಇಲ್ಲವೆಂದು ಬರೆದಿಟ್ಟಾನು.