ಗರ್ಭಪಾತದ ನಂತರ: ಯಾವುದು ಸಹಜ, ಯಾವುದು ನಂಜು

ಗರ್ಭ ತೆಗೆಸಿಕೊಂಡು ಬಂದ ಹೆಂಗಸು ಮನೆಯಲ್ಲಿ ಬಾಯಿ ಬಿಡುವುದು ಕಡಿಮೆ. ಚಿಕ್ಕಮಗಳೂರಿನ ವಸ್ತಾರೆ ಹೋಬಳಿಯ ತೋಟದ ಲೈನ್ ಮನೆಯಲ್ಲೂ ಅಷ್ಟೇ, ಹೆಂಚಿನ ತೊಟ್ಟಿಮನೆಯಲ್ಲೂ ಅಷ್ಟೇ. ಹಾಗಾಗಿ ಮೈಯಲ್ಲಿ ಆಗುತ್ತಿರುವುದು ಸಹಜವೋ ಅಪಾಯವೋ ಎಂದು ಕೇಳಲು ಅವಳಿಗೆ ಯಾರೂ ಸಿಗುವುದಿಲ್ಲ. ಈ ಬರಹ ಅವಳಿಗೆ, ಅವಳ ಜೊತೆಗಿರುವ ಅಕ್ಕನಿಗೆ, ಅತ್ತಿಗೆಗೆ, ಗಂಡನಿಗೆ. ಬಸಿರು ತಾನಾಗಿಯೇ ಇಳಿದುಹೋದವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ. ಒಂದು ಮಾತು ನೆನಪಿಡಿ: ವಾಸಿಯಾಗುತ್ತಿರುವ ಮೈಯಲ್ಲಿ ನೋವು, ರಕ್ತ, ಸುಸ್ತು ದಿನದಿಂದ ದಿನಕ್ಕೆ ಇಳಿಯುತ್ತವೆ. ಇಳಿದದ್ದು ಮತ್ತೆ ಏರತೊಡಗಿದರೆ ಎಚ್ಚರ.

ಹಂತ 1: ಆಸ್ಪತ್ರೆ ಬಿಡುವ ಮುನ್ನ

ಮಾತ್ರೆ ಕೊಟ್ಟರೋ, ಕ್ಲೀನ್ ಮಾಡಿದರೋ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಅಲ್ಲೇ ಕೇಳಿ. ಬೇಕಿದ್ದರೆ 72 ಗಂಟೆಯೊಳಗೆ ಹಾಕಿಸಬೇಕು. ಮನೆಗೆ ಬರುವಾಗ ದೊಡ್ಡ ಪ್ಯಾಡುಗಳನ್ನೂ ಒಂದು ಥರ್ಮಾಮೀಟರನ್ನೂ ತನ್ನಿ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದೇ ಇಲ್ಲ. ಒಲೆಯ ಮೇಲೆ ಅರೆಬರೆ ಒಣಗಿದ ಬಟ್ಟೆಗಿಂತ ಪ್ಯಾಡು ಲೇಸು, ರಕ್ತ ಎಷ್ಟು ಹೋಯಿತೆಂಬ ಲೆಕ್ಕವೂ ಸಿಗುತ್ತದೆ.

ಹಂತ 2: ಮೊದಲ ದಿನ

ಮಾತ್ರೆಯಿಂದಾದರೆ, ಮಿಸೊಪ್ರೊಸ್ಟಾಲ್ ತೆಗೆದುಕೊಂಡ ಕೆಲವು ಗಂಟೆಗಳಲ್ಲಿ ಮುಟ್ಟಿಗಿಂತ ಜೋರಾಗಿ ರಕ್ತ ಹೋಗುತ್ತದೆ. ಹೆಪ್ಪು ಬೀಳುತ್ತದೆ, ಕಿಬ್ಬೊಟ್ಟೆ ಹಿಂಡುತ್ತದೆ. ವಾಂತಿ, ಭೇದಿ, ಚಳಿ, ಜ್ವರ ಕೂಡ ಬರಬಹುದು. ಇದೆಲ್ಲ ಆ ಮಾತ್ರೆಯ ಪರಿಣಾಮ. ಚಳಿ ಜ್ವರ 24 ಗಂಟೆಯೊಳಗೆ ಇಳಿಯಬೇಕು. ಅಲ್ಲಿಯತನಕ ಬಿಸಿನೀರಿನ ಶಾಖ, ವೈದ್ಯರು ಕೊಟ್ಟ ನೋವಿನ ಮಾತ್ರೆ ಇರಲಿ. 24 ಗಂಟೆಯಾದರೂ ರಕ್ತವೇ ಕಾಣದಿದ್ದರೆ ವೈದ್ಯರಿಗೆ ತಿಳಿಸಿ. ಒಂದೇ ಪಕ್ಕದಲ್ಲಿ ತಡೆಯಲಾಗದ ನೋವು, ಹೆಗಲ ತುದಿಯಲ್ಲಿ ನೋವು, ತಲೆಸುತ್ತು ಬಂದರೆ ಬಸಿರು ಗರ್ಭನಾಳದಲ್ಲಿ ನಿಂತಿರಬಹುದು. ಒಂದು ಗಳಿಗೆಯೂ ತಡಮಾಡಬೇಡಿ.

ಹಂತ 3: ಮುಂದಿನ ಎರಡು ವಾರ

ರಕ್ತ ಕಡಿಮೆಯಾಗುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಮುಂದಿನ ಮುಟ್ಟಿನವರೆಗೆ ಆಗಾಗ ಕಲೆ ಕಾಣಿಸಿದರೆ ಗಾಬರಿ ಬೇಡ. ಎದೆ ಬಿಗಿದು ಸ್ವಲ್ಪ ಹಾಲು ಬರಬಹುದು, ಅಳುವೂ ಬರಬಹುದು. ಬಾಣಂತಿ ಪಥ್ಯವೆಂದು ನೀರು ಕಡಿಮೆ ಮಾಡಬೇಡಿ. ಧಾರಾಳವಾಗಿ ಕುಡಿಯಿರಿ, ಎಲ್ಲವನ್ನೂ ಊಟ ಮಾಡಿ. ಹಂಡೆಯ ಬಿಸಿನೀರು ಮೈಮೇಲೆ ಹೊಯ್ದುಕೊಳ್ಳಬಹುದು, ಆದರೆ ಯೋನಿಯ ಒಳಗೆ ತೊಳೆಯಕೂಡದು. ರಕ್ತ ನಿಲ್ಲುವವರೆಗೆ ಲೈಂಗಿಕವಾಗಿ ಕೂಡುವುದು ಬೇಡ. ಕುಯ್ಲಿನ ಕಾಲವಾದರೂ ಕಾಫಿ ಚೀಲ ಹೊರುವುದನ್ನು ಮೈ ಸುಧಾರಿಸುವವರೆಗೆ ಬಿಡಿ. ಎರಡು ವಾರದೊಳಗೇ ಮತ್ತೆ ಬಸಿರಾಗುವ ಸಾಧ್ಯತೆ ಇದೆ. ಬೇಡವೆಂದಿದ್ದರೆ ಮರುತಪಾಸಣೆಯ ದಿನಕ್ಕೆ ಕಾಯದೆ ಮೊದಲೇ ಉಪಾಯ ಕೇಳಿಕೊಳ್ಳಿ.

ಹಂತ 4: ರಕ್ತವನ್ನು ಅಳೆಯಿರಿ

ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡು ಪೂರ್ತಿ ನೆನೆದು, ಹೀಗೇ ಎರಡು ಗಂಟೆ ನಡೆದರೆ ಆಸ್ಪತ್ರೆಗೆ ಹೊರಡಿ. ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪುಗಳು ಬೀಳುತ್ತಲೇ ಇದ್ದರೂ, ಎದ್ದು ನಿಂತರೆ ಕಣ್ಣು ಕತ್ತಲಿಟ್ಟರೂ ಅಷ್ಟೇ.

ಹಂತ 5: ನಂಜನ್ನು ಗುರುತಿಸಿ

ಸರಿಯಾಗಿ ಮಾಡಿದ ಗರ್ಭಪಾತದ ನಂತರ ಗಂಭೀರ ನಂಜು ಅಪರೂಪ, ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಬಂದರೆ ಬೇಗ ಏರುತ್ತದೆ. ಗರ್ಭಕೋಶದೊಳಗೆ ಚೂರು ಉಳಿದಾಗ ರೋಗಾಣುಗಳು ಅಲ್ಲಿ ಬೆಳೆಯುತ್ತವೆ. ಅಂಥ ಕಡೆ ಆಂಟಿಬಯಾಟಿಕ್ ಮಾತ್ರ ಸಾಲದು, ಉಳಿದದ್ದನ್ನು ತೆಗೆಯಬೇಕಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ನಾಲ್ಕು ಗುಳಿಗೆ ಕೊಂಡು ನುಂಗಬೇಡಿ ಎನ್ನುವುದು ಇದಕ್ಕೇ.

ಬೆಳಿಗ್ಗೆ, ಸಂಜೆ, ಮೈ ಬಿಸಿ ಅನ್ನಿಸಿದಾಗಲೆಲ್ಲ ಜ್ವರ ನೋಡಿ. ಪ್ಯಾರಾಸಿಟಮಾಲ್ ನುಂಗುವ ಮುಂಚೆ ನೋಡಬೇಕು, ನುಂಗಿದ ಮೇಲೆ ಅದು ಜ್ವರವನ್ನು ಮುಚ್ಚಿಬಿಡುತ್ತದೆ. ಮೊದಲ 24 ಗಂಟೆ ಕಳೆದ ಮೇಲೆ ಪಾದರಸ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮಳೆಯಲ್ಲಿ ನೆನೆದದ್ದಕ್ಕೆ ಬಂದದ್ದು, ಮಂಗನ ಕಾಯಿಲೆ ಇರಬಹುದು ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಸ್ರಾವ ಕೊಳೆತ ವಾಸನೆ ಹೊಡೆದರೆ, ಕೀವಿನಂತೆ ಕಂಡರೆ, ಕಿಬ್ಬೊಟ್ಟೆ ಮುಟ್ಟಿದರೆ ನೋವಾದರೆ, ಇಳಿದಿದ್ದ ನೋವು ಮಾತ್ರೆಗೂ ಬಗ್ಗದೆ ಮರುಕಳಿಸಿದರೆ ನಂಜು ಎಂದೇ ತಿಳಿಯಿರಿ. ಜ್ವರವಿಲ್ಲದೆ ಬರುವ ನಂಜೂ ಉಂಟು: ಎದೆ ಒಂದೇ ಸಮ ಹೊಡೆದುಕೊಳ್ಳುವುದು, ಉಸಿರು ವೇಗವಾಗುವುದು, ವಾಂತಿ ನಿಲ್ಲದಿರುವುದು, ಏಳಲಾಗದ ನಿತ್ರಾಣ, ಮಾತು ತಡವರಿಸುವುದು.

ನಂಜು ಎಷ್ಟು ಬೇಗ ಏರುತ್ತದೆಂಬುದಕ್ಕೆ ಒಂದು ನಿದರ್ಶನ: ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. 17 ವಾರದ ಬಸಿರು ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ ಕೇಳಿದ ಗರ್ಭಪಾತ ಸಿಗಲಿಲ್ಲ. ದಾಖಲಾದ ಒಂದೇ ವಾರದಲ್ಲಿ ನಂಜು ರಕ್ತಕ್ಕೇರಿ ಪ್ರಾಣ ಹೋಯಿತು. ಹೊತ್ತುಹೊತ್ತಿಗೆ ನೋಡಬೇಕಾದ ನಾಡಿ, ಜ್ವರಗಳನ್ನು ಸರಿಯಾಗಿ ಗಮನಿಸಲಿಲ್ಲ ಎಂದು ಮುಂದಿನ ತನಿಖೆಗಳು ಹೇಳಿದವು. ದೊಡ್ಡಾಸ್ಪತ್ರೆಯ ಒಳಗೇ ಹೀಗಾಯಿತೆಂದರೆ, ಮನೆಯಲ್ಲಿ ಒಬ್ಬಳೇ ಮಲಗಿದವಳ ಪಕ್ಕ ಒಬ್ಬರು ಕೂತು ಜ್ವರ ನೋಡಲೇಬೇಕು.

ಹಂತ 6: ಹೊರಡುವುದು, ಹೇಳುವುದು

ವಸ್ತಾರೆ ಕಡೆಯವರಿಗೆ ಚಿಕ್ಕಮಗಳೂರಿನ ಅರಳಗುಪ್ಪೆ ಮಲ್ಲೇಗೌಡ ಜಿಲ್ಲಾಸ್ಪತ್ರೆ ಹತ್ತಿರ, ಮೂಡಿಗೆರೆಯವರಿಗೆ ತಾಲ್ಲೂಕು ಆಸ್ಪತ್ರೆ. ಕಳಸ, ಹೊರನಾಡಿನವರು ಮಳೆಗಾಲದಲ್ಲಿ ಇನ್ನೂ ಬೇಗ ಹೊರಡಬೇಕು. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ದಾರಿಯೇ ಕಟ್ಟುತ್ತದೆ. ಆಂಬುಲೆನ್ಸಿಗೆ 108, ಸಲಹೆಗೆ 104. ನೆಟ್‌ವರ್ಕ್ ಸಿಗದ ಲೈನಿನಲ್ಲಿದ್ದರೆ ಮೇಸ್ತ್ರಿಯ ಮನೆಯಿಂದಲೋ ತೋಟದ ಆಫೀಸಿನಿಂದಲೋ ಫೋನ್ ಮಾಡಿಸಿ; ರಕ್ತ ಹೋಗುತ್ತಿದೆ ಎಂದಷ್ಟೇ ಹೇಳಿದರೆ ಸಾಕು.

ವೈದ್ಯರ ಮುಂದೆ ಮಾತ್ರ ಏನನ್ನೂ ಮುಚ್ಚಿಡಬೇಡಿ. ಅಂಗಡಿಯಿಂದ ಮಾತ್ರೆ ತಂದು ನುಂಗಿದ್ದರೆ ಅದನ್ನೂ, ಯಾರೋ ಕಡ್ಡಿ ಹಾಕಿದ್ದರೆ ಅದನ್ನೂ ಹೇಳಿ. ಚಿಕಿತ್ಸೆ ಆ ಮಾತಿನ ಮೇಲೆ ನಿಂತಿದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಗರ್ಭಪಾತ ಮಾಡಿದ ವೈದ್ಯರು ನಿಮ್ಮ ಹೆಸರು, ವಿವರವನ್ನು ಕಾನೂನು ಅಧಿಕಾರ ಕೊಟ್ಟವರಿಗೆ ಬಿಟ್ಟು ಯಾರಿಗೂ ಹೇಳುವಂತಿಲ್ಲ. 18 ತುಂಬಿದ ಹೆಣ್ಣಿಗೆ ಅವಳದೇ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಮದುವೆಯಾಗದವರಿಗೂ ಗರ್ಭಪಾತದ ಹಕ್ಕು ಸಮಾನ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ರಾತ್ರಿ ಜ್ವರ ಏರಿದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ಆಗಲೇ ಹೊರಡಿ.